ಗುರುತೇ ಇಲ್ಲದ ತೊಂಬತ್ತು ಕೇಬಲ್‌ಗಳು: ರ‍್ಯಾಕ್ ಸರಿಪಡಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಬಯಲುಸೀಮೆ

ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಉಪಕರಣಗಳ ಕೋಣೆಯಲ್ಲಿ ಉಪಕರಣಗಳನ್ನು ಒಂದರ ಮೇಲೊಂದು ಕೂರಿಸುವ, 42ಯು (ಯು ಎಂದರೆ ಒಂದು ಅಂತಸ್ತು) ಎತ್ತರದ ಒಂದೇ ರ‍್ಯಾಕ್ ಇದ್ದು, ಅದರಲ್ಲಿ 24 ಪೋರ್ಟ್‌ಗಳ ನಾಲ್ಕು ಸ್ವಿಚ್‌ಗಳಿವೆ (ಕಚೇರಿಯ ಉಪಕರಣಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳು). ಗೋಡೆಯ ಕೇಬಲ್‌ಗಳು ಬಂದು ನಿಲ್ಲುವ ಸಾಕೆಟ್ಟುಗಳ ಫಲಕ, ಅಂದರೆ ಪ್ಯಾಚ್ ಪ್ಯಾನೆಲ್ ಇಲ್ಲ; ಗೋಡೆಯಿಂದ ಬಂದ ಸುಮಾರು ತೊಂಬತ್ತು ಕ್ಯಾಟ್ 6 (ಒಂದು ದರ್ಜೆಯ ನೆಟ್‌ವರ್ಕ್ ಕೇಬಲ್) ಕೇಬಲ್‌ಗಳ ತುದಿಗೆ ಪ್ಲಗ್ ಕ್ರಿಂಪ್ ಮಾಡಿ ನೇರವಾಗಿ ಸ್ವಿಚ್‌ಗೆ ಸಿಕ್ಕಿಸಿದ್ದಾರೆ. ಒಂದಕ್ಕೂ ಗುರುತು ಚೀಟಿ ಇಲ್ಲ. ನನಗಿಂತ ಮೊದಲು ಇದ್ದವರಿಗೆ ಎಲ್ಲವೂ ಬಾಯಿಪಾಠವಾಗಿತ್ತಂತೆ; ಆ ಪಾಠ ಅವರೊಂದಿಗೇ ಹೋಯಿತು. ಕಳೆದ ತಿಂಗಳು ಬಳಕೆಯಲ್ಲಿಲ್ಲವೆಂದು ಭಾವಿಸಿ ಒಂದು ಕೇಬಲ್ ಕಿತ್ತೆ. ಅದು ಹಾಜರಾತಿ ಯಂತ್ರದ್ದಾಗಿತ್ತು. ಮರುದಿನ ಬೆಳಗ್ಗೆ ಸಿಬ್ಬಂದಿಯ ಸಾಲು ಮೆಟ್ಟಿಲಿನವರೆಗೂ ಬೆಳೆದಿತ್ತು. ಈಗ ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ ಅಚ್ಚುಕಟ್ಟಾಗಿ ಕಟ್ಟಿಬಿಡಬೇಕೆಂದು ಒಂದು ಚೀಲ ನೈಲಾನ್ ಟೈಗಳನ್ನು ತಂದಿಟ್ಟಿದ್ದೇನೆ. ಈ ಕ್ರಮ ಸರಿಯೇ ಎಂದು ಅನುಭವಿಗಳು ತಿಳಿಸಬೇಕು.

ಉತ್ತರ: ಮಲೆನಾಡಿಗ

ದಯವಿಟ್ಟು ಭಾನುವಾರ ಆರಂಭಿಸಬೇಡಿ. ಬಿಚ್ಚುವ ಕೆಲಸಕ್ಕೆ ರಜಾದಿನ ಸರಿ, ಆದರೆ ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಪತ್ತೆ ಮಾಡುವ ಕೆಲಸಕ್ಕೆ ಎಲ್ಲರೂ ಕುಳಿತು ಕೆಲಸ ಮಾಡುತ್ತಿರುವ ವಾರದ ದಿನವೇ ಬೇಕು. ಯಾವ ಪೋರ್ಟಿನ ಹಿಂದೆ ಯಾವ ಉಪಕರಣವಿದೆ ಎಂಬುದನ್ನು ಸ್ವಿಚ್‌ನ ಮ್ಯಾಕ್ ವಿಳಾಸಗಳ (ಪ್ರತಿ ಉಪಕರಣದ ನೆಟ್‌ವರ್ಕ್ ಗುರುತಿನ ಸಂಖ್ಯೆಗಳ) ಪಟ್ಟಿಯೇ ಹೇಳುತ್ತದೆ. ಆದರೆ ಉಪಕರಣ ಆರಿದ್ದರೆ ಆ ನಮೂದು ಕೆಲವೇ ನಿಮಿಷಗಳಲ್ಲಿ ಅಳಿಸಿಹೋಗುತ್ತದೆ (ಅನೇಕ ಸ್ವಿಚ್‌ಗಳಲ್ಲಿ 300 ಸೆಕೆಂಡು). ಅದರಲ್ಲಿ ಸಿಗದ ಕೇಬಲ್‌ಗಳಿಗೆ ಟೋನ್ ಹಾಕುವ ಉಪಕರಣ (ಒಂದು ತುದಿಯಲ್ಲಿ ಸಂಕೇತ ಹಾಕಿ ಇನ್ನೊಂದು ತುದಿಯಲ್ಲಿ ಸದ್ದಿನಿಂದ ಗುರುತಿಸುವಂಥದ್ದು) ಹಿಡಿದು, ಒಬ್ಬರು ರ‍್ಯಾಕ್ ಬಳಿಯೂ ಇನ್ನೊಬ್ಬರು ಮೇಜುಗಳ ಬಳಿಯೂ ನಿಂತು ಹುಡುಕುವುದೊಂದೇ ದಾರಿ.

ಇನ್ನೊಂದು ಅಪಾಯವಿದೆ. ಪೋರ್ಟುಗಳನ್ನು ಬೇರೆ ಬೇರೆ ವಿಎಲ್ಯಾನ್‌ಗಳಿಗೆ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳಿಗೆ) ಹಂಚಿದ್ದರೆ, ಏಳನೆಯ ಪೋರ್ಟಿನ ಕೇಬಲನ್ನು ಅಂದಕ್ಕಾಗಿ ಹನ್ನೊಂದನೆಯದಕ್ಕೆ ಹಾಕಿದಾಗ ದೀಪವೇನೋ ಹಸಿರಾಗಿ ಉರಿಯುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ. ಆದ್ದರಿಂದ ಸ್ವಿಚ್‌ಗಳ ಸಂರಚನೆಯ (ಸೆಟ್ಟಿಂಗ್‌ಗಳ) ಪ್ರತಿಯನ್ನು ಮೊದಲು ತೆಗೆದಿಟ್ಟುಕೊಳ್ಳಿ, ಪ್ರತಿ ಸ್ವಿಚ್‌ನ ಮುಖದ ಸ್ಪಷ್ಟ ಛಾಯಾಚಿತ್ರವನ್ನೂ ತೆಗೆಯಿರಿ. ಗುರುತು ಚೀಟಿಯನ್ನು ಎರಡೂ ತುದಿಗೆ ಅಂಟಿಸಿ. ಅದರ ಮೇಲೆ ಕುಳಿತವರ ಹೆಸರನ್ನು ಬರೆಯಬೇಡಿ, ಗೋಡೆಯ ಸಾಕೆಟ್ಟಿನ ಸಂಖ್ಯೆಯನ್ನು ಬರೆಯಿರಿ. ಜನ ಜಾಗ ಬದಲಿಸುತ್ತಾರೆ, ಸಾಕೆಟ್ಟು ಬದಲಿಸುವುದಿಲ್ಲ.

ಉತ್ತರ: ಇಕ್ಕಳ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಪ್ಯಾಚ್ ಪ್ಯಾನೆಲ್ ಇಲ್ಲದೆ ನೀವು ಎಷ್ಟೇ ಅಂದವಾಗಿ ಕಟ್ಟಿದರೂ ಆರು ತಿಂಗಳಲ್ಲಿ ಅದೇ ಗೋಜಲು ಮರಳಿ ಬರುತ್ತದೆ. ಗೋಡೆಯೊಳಗಿನ ಕೇಬಲ್‌ನಲ್ಲಿರುವುದು ಒಂದೊಂದೇ ಗಟ್ಟಿ ತಂತಿ. ಪದೇ ಪದೇ ಎಳೆದು ಬಾಗಿಸಿದರೆ ಪ್ಲಗ್ಗಿನ ಬುಡದಲ್ಲಿ ಅದು ತುಂಡಾಗುತ್ತದೆ. ಅದು ಪ್ಯಾನೆಲ್‌ನ ಹಿಂಬದಿಯಲ್ಲಿ ಶಾಶ್ವತವಾಗಿ ನಿಲ್ಲಬೇಕು, ದಿನನಿತ್ಯದ ಬದಲಾವಣೆಗಳೆಲ್ಲ ಮುಂಬದಿಯಲ್ಲಿ ಹಲವು ಸಣ್ಣ ಎಳೆಗಳ ತಂತಿಯಿರುವ, ಮೃದುವಾದ ಪ್ಯಾಚ್ ಕಾರ್ಡ್‌ಗಳಲ್ಲಿ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್‌ಗಳಲ್ಲಿ) ನಡೆಯಬೇಕು. 24 ಪೋರ್ಟಿನ ಪ್ಯಾನೆಲ್ 1ಯು, ಅಂದರೆ 44.45 ಮಿಲಿಮೀಟರ್ ಎತ್ತರವನ್ನಷ್ಟೇ ಬೇಡುತ್ತದೆ. ಒಂದು ಪ್ಯಾನೆಲ್, ಅದರ ಕೆಳಗೆ ಒಂದು ಸ್ವಿಚ್, ಮತ್ತೆ ಪ್ಯಾನೆಲ್ ಎಂಬಂತೆ ಜೋಡಿಸಿದರೆ ಅರ್ಧ ಮೀಟರಿನ ಕಾರ್ಡುಗಳು ಸಾಕು. ಮೂರು ಮೀಟರಿನ ಕಾರ್ಡ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಉಳಿದ ಎರಡೂವರೆ ಮೀಟರನ್ನು ರ‍್ಯಾಕಿನೊಳಗೆ ತುರುಕುವುದೇ ಅರ್ಧದಷ್ಟು ಗೋಜಲಿಗೆ ಕಾರಣ ಎಂಬುದು ನನ್ನ ಅಭಿಪ್ರಾಯ.

ಪ್ಯಾನೆಲ್‌ಗೆ ತಂತಿ ಕೂರಿಸುವಾಗ ಜೋಡಿಗಳ ತಿರುಚನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಪ್ಲಗ್ ಕತ್ತರಿಸಿದಾಗ ಒಂದು ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ. ಅಂಥ ಕೇಬಲ್ ಮೂಲಕ ಕ್ಯಾಮೆರಾ, ಫೋನುಗಳಿಗೆ ವಿದ್ಯುತ್ ಕಳುಹಿಸಬಾರದು.

ಉತ್ತರ: ಕರಾವಳಿ ಗಾಳಿ

ನೈಲಾನ್ ಟೈಗಳ ಚೀಲವನ್ನು ಅಂಗಡಿಗೆ ಮರಳಿಸಿ, ವೆಲ್ಕ್ರೋ ಪಟ್ಟಿ ತನ್ನಿ. ನೈಲಾನ್ ಟೈ ಎಳೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿಯುವುದಿಲ್ಲ. ಹೊದಿಕೆ ಅದುಮಿದರೆ ಒಳಗಿನ ಜೋಡಿಗಳ ಆಕಾರ ಕೆಡುತ್ತದೆ, ಮುಂದೆ ಒಂದು ಕೇಬಲ್ ಸೇರಿಸಬೇಕಾದರೆ ಹತ್ತು ಟೈಗಳನ್ನು ಕತ್ತರಿಸಬೇಕಾಗುತ್ತದೆ. ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ ನಾಲ್ಕರಷ್ಟಕ್ಕಿಂತ ಕಡಿಮೆಯಾಗಬಾರದು. ಕ್ಯಾಟ್ 6 ಕೇಬಲ್‌ಗೆ ಸುಮಾರು 25 ಮಿಲಿಮೀಟರ್ ತ್ರಿಜ್ಯ ಎಂದಿಟ್ಟುಕೊಳ್ಳಿ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಉಪಕರಣಕ್ಕೆ ಕಳುಹಿಸುವ ವಿದ್ಯುತ್) ಹರಿಯುವ ಕೇಬಲ್‌ಗಳನ್ನು ದಪ್ಪ ಕಟ್ಟಾಗಿ ಕಟ್ಟಿದರೆ ನಡುವಿನವು ಬಿಸಿಯಾಗುವುದರಿಂದ 24ಕ್ಕಿಂತ ಹೆಚ್ಚನ್ನು ಒಂದೇ ಕಟ್ಟಿನಲ್ಲಿ ಸೇರಿಸಬೇಡಿ. ಯುಪಿಎಸ್‌ನಿಂದ ಬರುವ ವಿದ್ಯುತ್ ತಂತಿಗಳು ಒಂದು ಬದಿಯಲ್ಲಿ, ಇವು ಇನ್ನೊಂದು ಬದಿಯಲ್ಲಿ ಇಳಿಯಲಿ. ಅಂದಹಾಗೆ, ರ‍್ಯಾಕಿನ ತಳದ ತೂತನ್ನು ಮುಚ್ಚಲು ಮರೆಯಬೇಡಿ. ನಮ್ಮಲ್ಲಿ ಇಲಿಗಳು ಎರಡು ಬಾರಿ ಕೇಬಲ್ ಕಡಿದಿವೆ.

ಮರುಪ್ರಶ್ನೆ: ಬಯಲುಸೀಮೆ

ಎಲ್ಲರಿಗೂ ಧನ್ಯವಾದಗಳು. ಮೂರು ದಿನ ಪಟ್ಟಿ ಮಾಡಿ, ಎರಡು ಭಾನುವಾರಗಳಲ್ಲಿ ನಾಲ್ಕು ಪ್ಯಾನೆಲ್‌ಗಳನ್ನು ಕೂರಿಸಿದೆವು. ಸೋಮವಾರ ಒಬ್ಬರ ಮುದ್ರಣಯಂತ್ರ ಮಾತ್ರ ಕೆಲಸ ಮಾಡಲಿಲ್ಲ. ಮಲೆನಾಡಿಗರು ಹೇಳಿದಂತೆ ಅದು ವಿಎಲ್ಯಾನ್ ತಪ್ಪೇ ಆಗಿತ್ತು. ಒಂದು ಸಂದೇಹ ಉಳಿದಿದೆ. ಹನ್ನೊಂದು ಕೇಬಲ್‌ಗಳ ಇನ್ನೊಂದು ತುದಿ ಎಲ್ಲಿಯೂ ಸಿಗಲಿಲ್ಲ. ಅವನ್ನು ಕತ್ತರಿಸಬಹುದೇ?

ಉತ್ತರ: ಇಕ್ಕಳ

ಈಗಲೇ ಕತ್ತರಿಸಬೇಡಿ. ಸ್ವಿಚ್‌ನಿಂದ ಕಳಚಿ, ‘ಗುರುತಿಲ್ಲ’ ಎಂಬ ಚೀಟಿಯೊಂದಿಗೆ ದಿನಾಂಕ ಬರೆದು ಪ್ರತ್ಯೇಕವಾಗಿ ಸುತ್ತಿಡಿ. ತಿಂಗಳ ಸಂಬಳದ ಲೆಕ್ಕ, ತ್ರೈಮಾಸಿಕ ಲೆಕ್ಕಪರಿಶೋಧನೆಯಂಥ ಅಪರೂಪದ ಕೆಲಸಗಳು ಒಮ್ಮೆ ನಡೆದುಹೋಗಲಿ. ಮೂರು ತಿಂಗಳವರೆಗೆ ಯಾರೂ ಕೇಳಿಕೊಂಡು ಬರದಿದ್ದರೆ ಧಾರಾಳವಾಗಿ ಎಳೆದು ತೆಗೆಯಿರಿ, ತೆಗೆದದ್ದನ್ನು ಪಟ್ಟಿಯಲ್ಲಿಯೂ ನಮೂದಿಸಿ.