ಪುಣೆ ಬಿಟ್ಟು ಧಾರವಾಡಕ್ಕ ಬಂದೇನಿ, ಮನಿಯ ದಿನಚರಿಗೆ ಮನಸ್ಸು ಹೊಂದವಲ್ದು. ನಿಮ್ಮ ಅನುಭವ ಹೇಳ್ರಿ

ಮಾಳಮಡ್ಡಿ, ಧಾರವಾಡ:
ಎಲ್ಲಾರಿಗೂ ನಮಸ್ಕಾರ. ಪುಣೆಯೊಳಗ ಬ್ಯಾಂಕ್ ನೌಕರಿ ಮಾಡ್ತಿದ್ದೆ. ಸ್ವಯಂ ನಿವೃತ್ತಿ ತಗೊಂಡು ಊರ ಮನಿಗೆ ಬಂದೇನಿ. ಮನ್ಯಾಗ ಅತ್ತಿಯವರು, ನಮ್ಮ ಮನಿಯವರು, ನಾನು. ಬಯಸಿ ಬಂದದ್ದೇ. ಆದ್ರ ಮುಂಜಾನೆ ಹತ್ತಕ್ಕ ಕೆಲಸ ಮುಗೀತಂದ್ರ ಮುಂದಿನ ಹೊತ್ತು ಹೋಗೂದಿಲ್ಲ. ಮನಿಗೆಲಸದಾಗ ನೆಮ್ಮದಿ ಅದ ಅಂತಾರಲ್ಲ, ನಿಮಗ ಅದು ಹೆಂಗ ಸಿಕ್ತು? ಏನು ಮಾಡಿದ್ರಿ ಅಷ್ಟು ಹೇಳಿದ್ರ ಸಾಕು.

ವಿದ್ಯಾನಗರ, ಹುಬ್ಬಳ್ಳಿ:
ತಂಗಿ, ನಾನು ಕಾಲೇಜಿನ್ಯಾಗ ಕಲಸ್ತಿದ್ದಾಕಿ. ನಿವೃತ್ತಿ ಆದ ಹೊಸದಾಗ ಎಲ್ಲಾರೂ ಏನರ ಹವ್ಯಾಸ ಹಚ್ಚಿಕೋರಿ ಅಂದ್ರು. ಹವ್ಯಾಸದಿಂದ ನನಗೇನೂ ಆಗಲಿಲ್ಲ, ಆಗಿದ್ದು ರೊಟ್ಟಿಯಿಂದ. ನೌಕರಿ ಇದ್ದಾಗ ಓಣಿಯೊಳಗ ರೊಟ್ಟಿ ಮಾಡಿ ಮಾರೋ ಬಾಯಾರ ಕಡೆ ತರಸ್ತಿದ್ವಿ. ಈಗ ಜೋಳ ತರೂದರಿಂದ ತಾಟಿಗೆ ಬಡಸೂತನಕಾ ಆ ಕೆಲಸ ಪೂರಾ ನಂದು. ಹೊತ್ತು ತುಂಬಸ್ಲಿಕ್ಕೆ ಹತ್ತು ಕೆಲಸ ಹುಡುಕಬ್ಯಾಡ, ಒಂದನ್ನ ಬುಡದಿಂದ ತುದಿತನಕಾ ನಿಂದು ಮಾಡ್ಕೋ. ನೌಕರಿಯೊಳಗ ನಮ್ಮ ಕೈಗೆ ಬರೋದು ನಡುವಿನ ತುಂಡು. ಹಿಂದಿಂದು ಯಾರೋ ಮಾಡಿರ್ತಾರ, ಮುಂದಿಂದು ಇನ್ಯಾರೋ ಮಾಡ್ತಾರ. ಇಲ್ಲಿ ಹಂಗಲ್ಲ.

ಬಿಳಿಜೋಳ ತಂದು ಹಸನ ಮಾಡಿ ಗಿರಣಿಗೆ ಒಯ್ತೇನಿ. ಒಮ್ಮೆಲೆ ಭಾಳ ಬೀಸಿಸೂದಿಲ್ಲ, ಹಿಟ್ಟು ಹಳೇದಾದ್ರ ಜಿಗಿ ಹೋಗಿ ಬಡಿಯುವಾಗ ಅಂಚು ಬಿರೀತಾವ. ಗೋಧಿಗಿರೋ ಅಂಟು ಜೋಳಕ್ಕಿಲ್ಲ. ಅದಕ್ಕ ಎಸರು ಕುದಿಸಿ ಹಾಕಿ ನಾದೂದು, ಬಿಸಿಗೆ ಜೋಳದ ಪಿಷ್ಟ ಉಬ್ಬಿ ಹಿಟ್ಟು ಒಂದಾಗ್ತದ. ಹಂಚಿಗೆ ಹಾಕಿದ ಮ್ಯಾಲೆ ಅರಿವಿಯಿಂದ ನೀರು ಸವರ್ತೀವಲ್ಲ, ಆ ನೀರು ಆರ್ತಾ ಬಂದಾಗ ತಿರುವಿ ಹಾಕಬೇಕು. ಲಗೂ ತಿರುವಿದ್ರ ಹಂಚಿಗೆ ಹತ್ತತದ, ತಡಾ ಆದ್ರ ಸೀಳ್ತದ. ಆ ಹೊತ್ತಿನ್ಯಾಗ ಮನಸ್ಸು ಬ್ಯಾರೆ ಕಡೆ ಹೋದ್ರ ರೊಟ್ಟಿನೇ ತೋರಸ್ತದ. ಪೂರ್ತಿ ಉಬ್ಬಿದ ರೊಟ್ಟಿ ಬುಟ್ಟಿಗೆ ಹಾಕೋವಾಗ ಆಗೋ ಸಂತೋಷ ನನಗ ಇವತ್ತಿಗೂ ಹಳೇದಾಗಿಲ್ಲ.

ಇನ್ನೊಂದು, ಹೊತ್ತಿಗೆ ಒಂದು ಗುರ್ತು ಇರಲಿ. ಧಾರವಾಡ ಆಕಾಶವಾಣಿ 1950ರಾಗ ಶುರು ಆದದ್ದು. ನಮ್ಮವ್ವ ಗಡಿಯಾರ ನೋಡ್ತಿದ್ದಿಲ್ಲ, ರೇಡಿಯೋದಾಗ ಯಾವ ಕಾರ್ಯಕ್ರಮ ಬಂತು ಅನ್ನೋದ್ರ ಮ್ಯಾಲೆ ಒಲಿ ಹಚ್ಚತಿದ್ಲು. ನಾನೂ ಈಗ ವಾರ್ತೆ ಶುರುವಾದ್ರ ಎಸರಿಗಿಡ್ತೇನಿ. ಮಧ್ಯಾಹ್ನದ ಮಾತು ಬಿಡು, ನಿದ್ದಿ ಬಂದ್ರ ಮಲ್ಕೋ.

ಬೆಟಗೇರಿ, ಗದಗ:
ಮನಿಗೆಲಸದ ಮಾತಿಗೆ ಗಂಡಸರೂ ಬರಬೇಕು, ಅದಕ್ಕ ಬರೀತೇನಿ. ನಮ್ಮ ಊರಿಗೆ ತುಂಗಭದ್ರಾ ನೀರು. ನಳ ದಿನಾ ಬರೂದಿಲ್ಲ, ಬಂದ ದಿನ ಉಳಿದ ಕೆಲಸ ಎಲ್ಲಾ ಹಿಂದ. ನೌಕರಿಯಿಂದ ಬಿಡುಗಡಿ ಆದ ಮ್ಯಾಲೆ ನೀರಿನ ಕೆಲಸ ನಾ ತಗೊಂಡೆ. ತಾಮ್ರದ ಕೊಡಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕೂದು, ಬಿಳಿ ಅರಿವಿ ಕಟ್ಟಿ ಸೋಸೂದು, ಕುಡಿಯೂದು ಬ್ಯಾರೆ, ಬಳಸೂದು ಬ್ಯಾರೆ. ಪೂರಾ ತುಂಬಿದ ಮ್ಯಾಲೆ ಬಾಗಲದಾಗ ಕುಂತು ಚಾ ಕುಡಿಯೋದ್ರಾಗ ಭಾಳ ಸಮಾಧಾನ ಐತಿ.

ಆದ್ರ ಒಂದು ಮಾತು ಖಡಕ್ ಹೇಳ್ತೇನಿ. ಮನಿಗೆಲಸ ಎಲ್ಲಾ ಒಬ್ಬರ ತಲಿ ಮ್ಯಾಲೆ ಇದ್ರ ಅದ್ರಾಗ ನೆಮ್ಮದಿ ಹುಡುಕು ಅನ್ನೋದು ಅನ್ಯಾಯ. ಹತ್ತರೊಳಗ ನಿಮ್ಮ ಯಜಮಾನ್ರು ಏನು ಮಾಡ್ತಾರ ಅನ್ನೋದೂ ನೋಡ್ರಿ. ಕೆಲಸ ಹಂಚಿಕೊಂಡ ಮನ್ಯಾಗ ಮಾತು ಹುಟ್ತಾವ, ಅರ್ಧಾ ಬ್ಯಾಸರಕಿ ಅಲ್ಲೇ ಹೋಗತೈತಿ.

ಹಾವೇರಿ:
ಅಕ್ಕಾರ, ನನಗ ದಿನದ ಕೆಲಸಕ್ಕಿಂತ ವರ್ಷದ ಕೆಲಸ ಹಿಡಿಸೈತ್ರಿ. ಬ್ಯಾಸಗಿ ಬಂತಂದ್ರ ನಮ್ಮಲ್ಲಿ ವರ್ಷದ ಖಾರ. ಬ್ಯಾಡಗಿ ಮೆಣಸಿನಕಾಯಾಗ ಕಡ್ಡಿ, ಡಬ್ಬಿ ಅಂತ ಎರಡು ಅದಾವು. ಡಬ್ಬಿ ಗಿಡ್ಡ, ದುಂಡಗ, ಬಣ್ಣ ಭಾಳ, ಖಾರ ಕಡಿಮಿ. ತಂದು ಮಾಳಗಿ ಮ್ಯಾಲೆ ಒಣಾ ಹಾಕಿ, ಕೈಯಾಗ ಹಿಡದು ಅಲ್ಲಾಡಿಸಿದ್ರ ಒಳಗ ಬೀಜ ಸಪ್ಪಳ ಆಗಬೇಕು, ಅಲ್ಲೀತನಕಾ ಬಿಸಲು ಬೇಕು. ಆಮ್ಯಾಗ ತೊಟ್ಟು ಬಿಡಸಾಕ ಓಣಿಯವರೆಲ್ಲಾ ಕೂಡ್ತೀವಿ. ಇವತ್ತು ನಮ್ಮ ಮನಿದು, ನಾಳೆ ಅವರದು. ಕೊತ್ತಂಬರಿ ಬೀಜ, ಒಣಕೊಬ್ಬರಿ, ಲವಂಗ ಹುರಿಯೋವಾಗ ವಾಸನಿಗೆ ಹಾದಿಗೆ ಹೋಗೋರೂ ನಿಂತು ಮಾತಾಡಿಸಿ ಹೋಗ್ತಾರ. ನಾನು ಮದಿವಿ ಆಗಿ ಬಂದ ಮ್ಯಾಲೆ ಈ ಓಣ್ಯಾಗ ಗೆಳತ್ಯಾರು ಸಿಕ್ಕಿದ್ದು ಈ ತೊಟ್ಟು ಬಿಡಸೋ ಹೊತ್ತಿನ್ಯಾಗ. ನಿಮಗ ಕೆಲಸದ ಕೊರತಿ ಅಲ್ಲ, ಮಂದಿ ಕೊರತಿ ಇದ್ದಂಗ ಕಾಣ್ತೈತ್ರಿ.

ಸಪ್ತಾಪುರ, ಧಾರವಾಡ:
ಎಲ್ಲಾರೂ ಛಲೋ ಹೇಳ್ಯಾರ. ಒಂದು ಸೇರಸ್ತೇನಿ. ರೊಟ್ಟಿ, ಖಾರ ಎಲ್ಲಾ ಮಾಡಿದ್ರೂ ನೆಮ್ಮದಿ ಸಿಗಲಿಲ್ಲಂದ್ರ ನಿಮ್ಮಲ್ಲಿ ಏನೂ ಕಡಿಮಿ ಅಂತಲ್ಲ. ನನಗ ಪೂರಾ ಹೊತ್ತು ಮನಿ ಆಗಿಬರಲಿಲ್ಲ. ಸಂಜೀಕ ಹುಡುಗರಿಗೆ ಗಣಿತ ಹೇಳಿಕೊಡ್ತೇನಿ, ಉಳಿದ ಹೊತ್ತಿನ ಮನಿಗೆಲಸ ಅವಾಗಿಂದ ರುಚಿ ಆಗೇದ. ನಿದ್ದಿ ಕೆಟ್ಟು, ಊಟ ಸೇರದಂಗ ಆಗಿ, ಅದು ವಾರಗಟ್ಟಲೆ ನಡೆದ್ರ ಮಾತ್ರ ಸುಮ್ಮನ ಕೂಡಬ್ಯಾಡ್ರಿ. ಮನಸ್ಸಿನ ತೊಂದರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದ, 14416ಕ್ಕ ಪುಕ್ಕಟೆ ಫೋನ್ ಮಾಡಿ ಕನ್ನಡದಾಗ ಮಾತಾಡಬಹುದು. ಊರಾಗ ಡಿಮ್ಹಾನ್ಸ್ ಅಂತ ಮನಸ್ಸಿನ ಆರೋಗ್ಯದ ದವಾಖಾನಿ ಅದ. ಅಲ್ಲಿಗೆ ಹೋಗೂದರಾಗ ನಾಚಿಕಿ ಇಲ್ಲ.

ಮಾಳಮಡ್ಡಿ, ಧಾರವಾಡ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿದ್ದಿ, ಊಟ ಸರಿ ಅದ, ಮಂದಿ ಕೊರತಿ ಅಂದದ್ದು ಮಾತ್ರ ಖರೇ. ಹುಬ್ಬಳ್ಳಿ ಅಕ್ಕಾರ, ನನಗ ರೊಟ್ಟಿ ಬಡಿಲಿಕ್ಕೆ ಬರೂದಿಲ್ಲ. ಲಟ್ಟಿಸಿದ್ರ ನಡೀತದೇನ್ರಿ?

ವಿದ್ಯಾನಗರ, ಹುಬ್ಬಳ್ಳಿ:
ನಡೀತದ ತಂಗಿ. ಎಸರಿನ ಹಿಟ್ಟು ಛಲೋ ನಾದಿ, ಉಂಡಿ ಸಣ್ಣದು ತಗೊಂಡು, ಕೆಳಗ ಒಣಹಿಟ್ಟು ಧಾರಾಳ ಹಾಕಿ ಹಗೂರಕ ಲಟ್ಟಸು. ಅತ್ತಿಯವರನ್ನ ಬಾಜೂಕ ಕೂಡಿಸಿಕೋ. ಬಡಿಯೂದು ಅವರ ಕೈ ನೋಡಿದ್ರ ಬರ್ತದ, ಬರದು ತಿಳಿಸೋ ಮಾತಲ್ಲ. ಅವರಿಗೂ ಹೇಳಿಕೊಡ್ಲಿಕ್ಕೆ ಒಬ್ಬರು ಸಿಕ್ಕಂಗ ಆಗ್ತದ.