ಆನ್‌ಲೈನ್ ಪಾಠದಿಂದ ವಿದ್ಯಾರ್ಥಿಯ ಯೋಚನೆ ಬದಲಾಗ್ತದೇನು? (ಕಲಬುರಗಿ, ಬೀದರ್, ಯಾದಗಿರಿ ಕಾಲೇಜು ಅಧ್ಯಾಪಕರ ಚರ್ಚೆ)

ತೊಗರಿ ನಾಡು: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ 'ಸ್ವಯಂ' ಮೂಲಕ ಮುಗಿಸಬಹುದು. ಹಾಗಾಗಿ ಆನ್‌ಲೈನ್ ಬೇಕೋ ಬೇಡವೋ ಅನ್ನೋದು ಬಿಟ್ಟು ಹೇಗೆ ಕಲಿಸೋದು ಅಂತ ಮಾತಾಡೋಣ. ಬಿಎ ಅರ್ಥಶಾಸ್ತ್ರಕ್ಕೆ ನನ್ನ ಸಲಹೆ ಇದು: "ತೊಗರಿ ಫಸಲು ಕಮ್ಮಿಯಾದರೆ ರೈತನಿಗೆ ಬೆಲೆ ಹೆಚ್ಚು ಸಿಗುತ್ತದಾ?" ಅಂತ ಕೇಳಿ, ಉತ್ತರ ಬರೆಸಿಟ್ಟುಕೊಳ್ಳಿ. ಆಮೇಲೆ ಕಲಬುರಗಿ ಎಪಿಎಂಸಿಯ ಆವಕ, ಮಾದರಿ ಬೆಲೆ (ಹೆಚ್ಚಿನ ಮಾಲು ಮಾರಾಟವಾದ ದರ), ಬೆಂಬಲ ಬೆಲೆ, ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ನಿಂದ ಬಂದ ಆಮದಿನ ಅಂಕಿ ಕೊಡಿ. ಐದೈದು ಮಂದಿಯ ಗುಂಪು, ಮೂರು ದಿನ. ಕಡೆಗೆ 40 ನಿಮಿಷ ನೇರ ತರಗತಿ, ಕ್ಯಾಮೆರಾ ಆನ್ ಇರಲೇಬೇಕು. ಮೊದಲ ಉತ್ತರವನ್ನು ಅವರೇ ತಿದ್ದಿ, ಯಾಕೆ ತಿದ್ದಿದೆವು ಅಂತ ಬರೆಯಬೇಕು.

ಔರಾದ್ ಗಡಿ: "ಕ್ಯಾಮೆರಾ ಆನ್ ಇರಲೇಬೇಕು" ಅಂತೀರಲ್ಲ ಸರ್, ಲೆಕ್ಕ ಹಾಕೀರೇನು? ಸೆಕೆಂಡಿಗೆ 600 ಕಿಲೋಬಿಟ್ ವಿಡಿಯೋ ಅಂದ್ರ ತಾಸಿಗೆ 270 ಎಂಬಿ. ದಿನಕ್ಕ ನಾಲ್ಕು ತಾಸು ಪಾಠ ಆದ್ರ 1 ಜಿಬಿ ದಾಟ್ತು. 1.5 ಜಿಬಿ ಪ್ಯಾಕಿನಾಗ ಉಳಿಯೋದೇನು? ಅದೇ ಫೋನು ತಮ್ಮನಿಗೂ ಬೇಕು.

ಶಹಾಬಾದ್ ಕಲ್ಲು: 270 ಎಂಬಿ ಲೆಕ್ಕ ಅರ್ಧಾನೇ ಹೇಳೀರಿ. ತನ್ನ ಕ್ಯಾಮೆರಾ ಬಂದ್ ಮಾಡಿದ್ರ ಉಳಿತಾಯ ಆಗೋದು ಅಪ್‌ಲೋಡ್ ಮಾತ್ರ. ಉಳಿದವರ ಮುಖ ಫೋನಿಗೆ ಇಳೀತಾನೇ ಇರ್ತಾವ. ಸೆಟ್ಟಿಂಗ್‌ನಾಗ ಬರೋ ವಿಡಿಯೋನೂ ನಿಲ್ಲಿಸಬೇಕು.

ಔರಾದ್ ಗಡಿ: "ಅಪ್‌ಲೋಡ್ ಮಾತ್ರ" ಅಂದ್ರ ಸಣ್ಣ ಮಾತೇನ್ರಿ? ಟವರ್ ದೂರ ಇದ್ದಲ್ಲಿ ಮೊದಲು ಕುಸಿಯೋದೇ ಅದು. ಟವರಿನ ಮುಂದ ಫೋನಿನ ಪ್ರಸಾರ ಶಕ್ತಿ ಎಷ್ಟು? ಆ ಸಣ್ಣ ದಾರ್ಯಾಗ ವಿಡಿಯೋ ತುರುಕಿದ್ರ ದನಿಯೂ ತುಂಡಾಗ್ತದ. ಹುಡುಗಿ ಪ್ರಶ್ನೆ ಕೇಳಿದ್ದು ನಿಮಗ ಅರ್ಧಾನೇ ಕೇಳಿಸ್ತದ.

ಕಡಗಂಚಿ ರಸ್ತೆ: ದನಿ ಇದ್ದರೆ ಸಾಕು ಅನ್ನೋದು ತಪ್ಪು. ಆನ್‌ಲೈನ್ ಕಲಿಕೆಯ ಸಂಶೋಧಕರಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ 2000ದಲ್ಲೇ ಬರೆದಿದ್ದಾರೆ: ಬೋಧನೆ, ಚಿಂತನೆ, ಸಾಮಾಜಿಕ ಇರುವಿಕೆ (ಎದುರಿಗೆ ನಿಜವಾದ ಮನುಷ್ಯರಿದ್ದಾರೆ ಅನ್ನೋ ಭಾವ) ಮೂರೂ ಬೇಕು. ಮುಖವೇ ಕಾಣದಿದ್ದರೆ ಸಾಮಾಜಿಕ ಇರುವಿಕೆ ಎಲ್ಲಿಂದ ಬರಬೇಕು?

ಸುರಪುರ ಓದುಗ: ಮೇಡಂ, ಆ ಲೇಖನದ ಶೀರ್ಷಿಕೆಯಲ್ಲೇ ಅದು ಪಠ್ಯ ಆಧಾರಿತ ಕಂಪ್ಯೂಟರ್ ಸಂವಾದದ ಕುರಿತದ್ದು ಅಂತ ಇದೆ. ಬರೀ ಬರಹದಲ್ಲಿ ನಡೆದ ಚರ್ಚೆಯಿಂದ ಹುಟ್ಟಿದ ವಾದವನ್ನು ಕ್ಯಾಮೆರಾಕ್ಕೆ ಸಾಕ್ಷಿ ಮಾಡಬೇಡಿ. ಇನ್ನೊಂದು: ವಯಸ್ಕರ ಕಲಿಕೆಯ ಚಿಂತಕ ಮೆಜಿರೋ 1978ರಲ್ಲಿ ಹೇಳಿದ ಯೋಚನೆಯ ಪರಿವರ್ತನೆ ಶುರುವಾಗೋದು ನಂಬಿಕೆಗೆ ಪೆಟ್ಟು ಬಿದ್ದಾಗ. ತೊಗರಿ ಪ್ರಶ್ನೆಯಲ್ಲಿ ಅದಿದೆ, ಆದರೆ ಮೂರು ದಿನ ಸಾಲದು.

ಕಡಗಂಚಿ ರಸ್ತೆ: "ಬರೀ ಬರಹ" ಅಂದಿರಿ, ನಕಲಿಗೆ ಏನು ಮಾಡ್ತೀರಿ? ಒಬ್ಬ ಬರೆದದ್ದನ್ನು ಐವರೂ ಅಂಟಿಸುತ್ತಾರೆ. ಮುಖ ನೋಡಿ ಕೇಳಿದರಷ್ಟೇ ಅರ್ಥ ಆಗಿದೆಯೋ ಇಲ್ಲವೋ ತಿಳಿಯೋದು.

ಔರಾದ್ ಗಡಿ: ನಕಲು ತಡೆಯೋದು ಕ್ಯಾಮೆರಾ ಅಲ್ರಿ ಮೇಡಂ, ಪ್ರಶ್ನೆ! ಗುಂಪಿಗೊಂದು ಬ್ಯಾರೆ ವರ್ಷದ ಅಂಕಿ ಕೊಡ್ರಿ. ಆಮ್ಯಾಲ ರೋಲ್ ನಂಬರ್ ಚೀಟಿ ಎತ್ತಿ ಮೂರು ನಿಮಿಷ ಫೋನಿನ್ಯಾಗ "ಯಾವ ಸಾಲು ನೋಡಿ ಉತ್ತರ ತಿದ್ದಿದಿ?" ಅಂತ ಕೇಳ್ರಿ. ಅಂಟಿಸಿದವ ಅಲ್ಲೇ ನಿಲ್ತಾನ. ತೊಗರಿ ನಾಡು ಸರ್ ಹೇಳಿದ 40 ನಿಮಿಷದ ಪಾಠಾನೂ ಸೆಕೆಂಡಿಗೆ 32 ಕಿಲೋಬಿಟ್ ಧ್ವನಿಯಾಗ ಕಳಿಸಿದ್ರ 9.6 ಎಂಬಿ, ಅಷ್ಟ.

ಶಹಾಬಾದ್ ಕಲ್ಲು: 9.6 ಎಂಬಿ ಧ್ವನ್ಯಾಗ ಅಂಕಿಯ ಕೋಷ್ಟಕ ಹೆಂಗ ತೋರಸ್ತೀರಿ? ಪಿಡಿಎಫ್ ಜೋಡಿಗೆ ಕಳಿಸಿ, "ಈಗ ಪುಟ 2, ಸಾಲು 7" ಅಂತ ಬಾಯಿಲೆ ಹೇಳಬೇಕು. ಸ್ಕ್ಯಾನ್ ಮಾಡಿದ ಪುಟ ಭಾರ ಆಗ್ತದ, ಸಣ್ಣ ಪರದ್ಯಾಗ ಅಕ್ಷರ ಕಾಣಂಗಿಲ್ಲ. ಟೈಪ್ ಮಾಡಿದ್ದೇ ಬೇಕು.

ತೊಗರಿ ನಾಡು: ಮೂರು ದಿನ ಸಾಲದು ಅಂದವರು ಸೆಮಿಸ್ಟರಿನ ವೇಳಾಪಟ್ಟಿ ನೋಡಿ ಹೇಳಲಿ. ಇನ್ನು ಕ್ಯಾಮೆರಾ: ಹಾಜರಿ ಕೂಗುವಾಗ ಎರಡು ನಿಮಿಷ ಆನ್ ಮಾಡಲಿ, ಅಷ್ಟಾದರೂ ಬೇಕೇಬೇಕು.

ಔರಾದ್ ಗಡಿ: "ಎರಡು ನಿಮಿಷ" ಅಂದ್ರೂ ಅದನ್ನ ಹಾಜರಿಗೆ ಹಚ್ಚಬ್ಯಾಡ್ರಿ. ನೆಟ್‌ವರ್ಕ್ ಇಲ್ಲದವಗ ಗೈರು ಹಾಕಿದಂಗ ಆಗ್ತದ. ಹಾಜರಿ ಬರೆದ ಉತ್ತರಕ್ಕ ಕೊಡ್ರಿ.