ಗುಡ್ಡೆಯ ನೀರು ಅಂಗಳಕ್ಕೆ ನುಗ್ಗುತ್ತದೆ, ಚರಂಡಿ ಮಾಡಿಸಿದರೆ ಸಾಕಾ?

ಪ್ರಶ್ನೆ, ಬದಿಯಡ್ಕ ಕಡೆಯಿಂದ:
ನಮ್ಮ ಮನೆಯ ಮೇಲ್ಗಡೆ ಐದು ಎಕರೆ ಗೇರುಗುಡ್ಡೆ ಇತ್ತು. ಈಗ ಜೆಸಿಬಿಯಲ್ಲಿ ಸಮತಟ್ಟು ಮಾಡಿ ಸೈಟು ಹಾಕಿದ್ದಾರೆ, ಮನೆಗಳು ಏಳುತ್ತಿವೆ. ಹೋದ ಮಳೆಗಾಲದಲ್ಲಿ ಕೆಂಪುನೀರು ನೇರ ನಮ್ಮ ಅಂಗಳಕ್ಕೆ ಬಂತು, ಅಲ್ಲಿಂದ ಕೆಳಗಿನ ಅಡಿಕೆ ತೋಟಕ್ಕೆ. ರಸ್ತೆ ಬದಿಗೆ ಕಾಂಕ್ರೀಟ್ ಚರಂಡಿ, ರಸ್ತೆ ದಾಟುವಲ್ಲಿ ಒಂದು ಅಡಿಯ ಪೈಪು ಹಾಕಿಸುವ ಮಾತು ನಡೆದಿದೆ. ಮೇಲಿನವರೂ ಕೆಳಗಿನವರೂ ದುಡ್ಡು ಹಾಕಲು ತಯಾರಿದ್ದೇವೆ. ಅನುಭವ ಇದ್ದವರು ಹೇಳಿ, ಇಷ್ಟು ಸಾಕಾ?

ನಿವೃತ್ತ ಓವರ್‌ಸಿಯರ್, ಕಾಸರಗೋಡು:
ಸಾಕಾಗುವುದಿಲ್ಲ. ಲೆಕ್ಕ ನೀವೇ ಹಾಕಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐದು ಎಕರೆ ಅಂದರೆ ಸುಮಾರು 20,000 ಚದರ ಮೀಟರ್. ಜೋರು ಮಳೆ ಹಿಡಿದು ಒಂದು ಗಂಟೆಯಲ್ಲಿ 50 ಮಿಲ್ಲಿಮೀಟರ್ ಸುರಿದರೆ ಹತ್ತು ಲಕ್ಷ ಲೀಟರ್ ಆಯಿತು. ಗೇರುಗುಡ್ಡೆ ಇದ್ದಾಗ ಅದರಲ್ಲಿ ಒಳ್ಳೆಯ ಪಾಲು ತರಗೆಲೆಯಡಿ ಇಂಗುತ್ತಿತ್ತು. ಈಗ ಟೆರೇಸು, ಇಂಟರ್‌ಲಾಕು, ಕಾಂಕ್ರೀಟ್ ರಸ್ತೆ. ನೂರಕ್ಕೆ ಎಂಬತ್ತು ಪಾಲು ಕೆಳಗೆ ಓಡಿತು ಅಂತಿಟ್ಟುಕೊಂಡರೂ ಸೆಕೆಂಡಿಗೆ 220 ಲೀಟರ್ ದಾಟುತ್ತದೆ. ಒಂದು ಅಡಿ ಪೈಪನ್ನು ನೂರು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಹಾಕಿದರೆ ಅದು ಎಳೆಯುವುದು ಸೆಕೆಂಡಿಗೆ ಸುಮಾರು 100 ಲೀಟರ್. ಉಳಿದದ್ದು ರಸ್ತೆ ಹತ್ತಿ ನಿಮ್ಮ ಅಂಗಳಕ್ಕೇ ಬರುತ್ತದೆ.

ಎರಡು ಅಡಿ ಪೈಪು ಹಾಕಿದರೆ ಎರಡು ಪಾಲು ಅಲ್ಲ, ಸುಮಾರು ಆರು ಪಾಲು ನೀರು ಹೋಗುತ್ತದೆ. ಸಣ್ಣ ಪೈಪಿನಲ್ಲಿ ಉಳಿಸುವ ದುಡ್ಡು ಉಳಿತಾಯವೇ ಅಲ್ಲ. ನನ್ನನ್ನು ಕೇಳಿದರೆ ಪೈಪಿಗಿಂತ ಚೌಕಾಕಾರದ ಬಾಕ್ಸ್ ಮೋರಿಯೇ ಒಳ್ಳೆಯದು, ಒಳಗೆ ಕೈ ಹಾಕಿ ಕ್ಲೀನ್ ಮಾಡಬಹುದು.

ಅಡಿಕೆ ಕೃಷಿಕ, ಪೆರ್ಲ:
ಓವರ್‌ಸಿಯರ್ ಅಣ್ಣ ಹೇಳಿದ್ದು ಖಾಲಿ ಪೈಪಿನ ಲೆಕ್ಕ. ನಮ್ಮೂರಲ್ಲಿ ಪೈಪು ಖಾಲಿ ಇರುವುದುಂಟಾ ಮಾರಾಯ್ರೆ? ಮೊದಲ ಮಳೆಗೇ ಒಂದು ಅಡಿಕೆ ಹಾಳೆ ತೇಲಿ ಬಂದು ಪೈಪಿನ ಬಾಯಿಗೆ ಅಡ್ಡ ಕೂರುತ್ತದೆ. ಅದಕ್ಕೊಂದು ಮಡಲು (ತೆಂಗಿನ ಗರಿ) ಸಿಕ್ಕಿಕೊಳ್ಳುತ್ತದೆ, ಮೇಲೆ ಪ್ಲಾಸ್ಟಿಕ್ ಚೀಲ, ಸಂದಿಗೆಲ್ಲ ಕೆಂಪುಮಣ್ಣು. ಅರ್ಧ ಗಂಟೆಯಲ್ಲಿ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಪೈಪಿಗೆ ಒತ್ತಾಗಿ ಸರಳು ಹಾಕಿದರೆ ಇನ್ನೂ ಬೇಗ ಕಟ್ಟುತ್ತದೆ. ನಾವು ಮೋರಿಯಿಂದ ಸ್ವಲ್ಪ ಮೇಲೆ, ಕೈಗೆ ಸಿಗುವ ಜಾಗದಲ್ಲಿ, ಗೂಟಗಳನ್ನು ಒಂದೊಂದು ಅಡಿ ಬಿಟ್ಟು ಓರೆಯಾಗಿ ಹೊಡೆದಿದ್ದೇವೆ. ಕಸ ಅಲ್ಲೇ ನಿಲ್ಲುತ್ತದೆ, ನೀರು ಬದಿಯಿಂದ ಹೋಗುತ್ತದೆ. ಮಳೆಗಾಲದಲ್ಲಿ ಅದನ್ನು ಎಳೆದು ಹಾಕುವ ಕೆಲಸ ಯಾರದ್ದು ಅಂತ ಮೊದಲೇ ಹೆಸರು ಹೇಳಿ ಇಟ್ಟುಕೊಳ್ಳಿ. ಎಲ್ಲರದ್ದು ಅಂದರೆ ಯಾರೂ ಬರುವುದಿಲ್ಲ.

ಮುಖ್ಯ ವಿಷಯ ಇನ್ನೊಂದು. ದುಡ್ಡು ಹಾಕುವ ಮೊದಲು ನೀರಿನ ಹಿಂದೆಯೇ ನಡೆದುಕೊಂಡು ಹೋಗಿ. ನಿಮ್ಮ ಅಂಗಳದಿಂದ ತೋಟದ ಕಣಿ (ಸಣ್ಣ ಕಾಲುವೆ), ಕಣಿಯಿಂದ ಕೆಳಗಿನ ಬೈಲಿನ ತೋಡು (ಹಳ್ಳ), ತೋಡಿನಿಂದ ಹೊಳೆ. ಎಲ್ಲಿ ಕಟ್ಟಿದೆ ನೋಡಿ. ನಮ್ಮಲ್ಲಿ ತೋಡಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮೇ ಕೊನೆಯಲ್ಲಿ ತೆಗೆಯದೆ ಬಿಟ್ಟಿದ್ದರು. ಬೇಸಗೆಯಲ್ಲಿ ಅದೇ ಹಲಗೆ ನಮ್ಮ ತೋಟ ಉಳಿಸಿದ್ದು, ಸುಳ್ಳು ಹೇಳಬಾರದು. ಆದರೆ ಜೂನಿನಲ್ಲಿ ಬೈಲಿಡೀ ನೀರು ನಿಂತು ಅಡಿಕೆ ಬುಡ ಕೊಳೆಯಿತು. ಕೆಳಗೆ ದಾರಿ ಇಲ್ಲದಿದ್ದರೆ ಮೇಲಿನ ಕಾಂಕ್ರೀಟ್ ಚರಂಡಿ ನೀರನ್ನು ಇನ್ನೂ ಬೇಗ ತಂದು ಸುರಿಯುತ್ತದೆ, ಅಷ್ಟೇ.

ಮಧೂರಿನವರು:
ಮೇಲಿನ ಮಾತಿಗೆ ನನ್ನದೂ ಒಂದು. ಮಧುವಾಹಿನಿ ಹೊಳೆ ತುಂಬಿದರೆ ಇಲ್ಲಿ ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ, ನೀವೆಲ್ಲ ನೋಡಿದ್ದೀರಿ. ಆಗ ಎಂಥ ಚರಂಡಿ ಇದ್ದರೂ ಉಪಯೋಗ ಇಲ್ಲ, ನೀರು ವಾಪಸು ಬರುತ್ತದೆ. ಮೊಗ್ರಾಲು, ಶಿರಿಯ ಹೊಳೆಗಳ ಅಳಿವೆ ಕಡೆಯವರಿಗೆ ಸಮುದ್ರದ ಭರತದ ಹೊತ್ತಲ್ಲಿ ಮಳೆ ಬಂದರೂ ಇದೇ ಪಾಡು. ನಿಮ್ಮ ಜಾಗ ಎತ್ತರದಲ್ಲಿದ್ದರೆ ಬಚಾವ್.

ಶಿಕ್ಷಕಿ, ಮಂಜೇಶ್ವರ:
ನೀರು ಕೆಳಗೆ ಬಂದ ಮೇಲೆ ಒದ್ದಾಡುವುದಕ್ಕಿಂತ ಮೇಲೆಯೇ ಹಿಡಿಯಬಹುದಲ್ವಾ? ಮೊದಲು ಪದವಿನ (ಗುಡ್ಡದ ಮೇಲಿನ ಬಯಲು) ಮೇಲೆ ಪಳ್ಳಗಳು, ಅಂದರೆ ನೀರು ನಿಲ್ಲುವ ತಗ್ಗುಗಳು, ಇದ್ದವು, ಮಳೆನೀರು ಅಲ್ಲಿ ನಿಲ್ಲುತ್ತಿತ್ತು. ಈಗ ಅವನ್ನೆಲ್ಲ ತುಂಬಿಸಿ ಸೈಟು ಮಾಡುತ್ತಾರೆ. ನಮ್ಮ ಮನೆಯ ಮಾಡಿನ (ಸೂರಿನ) ನೀರನ್ನು ಜಲ್ಲಿ, ಮರಳು, ಇದ್ದಿಲಿನ ಡ್ರಮ್ಮಿನಿಂದ ಸೋಸಿ ಬಾವಿಗೆ ಬಿಡುತ್ತೇವೆ. ಸಾವಿರ ಲೀಟರಿನ ಟ್ಯಾಂಕಿ ಇಟ್ಟು ನೆರೆ ತಡೆಯುತ್ತೇವೆ ಅನ್ನುವುದು ಸುಮ್ನೆ. ಸಾವಿರ ಚದರಡಿ ಮಾಡಿಗೆ 11 ಮಿಲ್ಲಿಮೀಟರ್ ಮಳೆ ಬಿದ್ದರೆ ಟ್ಯಾಂಕಿ ಭರ್ತಿ. ಪ್ರತಿ ಸೈಟಿಗೂ ಇಂಗುಗುಂಡಿ ಮಾಡಿಸಿ.

ನಿವೃತ್ತ ಓವರ್‌ಸಿಯರ್:
ಟೀಚರ್, ಇಂಗುಗುಂಡಿಗೆ ನಾನು ಅಷ್ಟು ಸುಲಭವಾಗಿ ಹೂಂ ಅನ್ನುವುದಿಲ್ಲ. ಜೆಸಿಬಿ ಕಡಿದ ದರೆಯ (ಕಡಿದಾದ ಮಣ್ಣಿನ ಗೋಡೆ) ತಲೆಯಲ್ಲಂತೂ ಬೇಡವೇ ಬೇಡ. ನಮ್ಮಲ್ಲಿ ಮೇಲೆ ಮುರಕಲ್ಲು (ಕೆಂಪುಕಲ್ಲು) ಗಟ್ಟಿ, ಅಡಿಯಲ್ಲಿ ಮೆತ್ತನೆಯ ಶೇಡಿಮಣ್ಣು. ಇಂಗಿದ ನೀರು ಶೇಡಿಗೆ ತಾಗಿ ನಿಂತರೆ ಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ, ದರೆ ಕೆಳಗಿನ ಮನೆಯ ಮೇಲೆ ಬೀಳುತ್ತದೆ. ಒಳಗಿಂದೊಳಗೇ ಮಣ್ಣು ಕೊಚ್ಚಿಹೋಗಿ ಟೊಳ್ಳಾಗುವುದೂ ನಮ್ಮ ಜಿಲ್ಲೆಯಲ್ಲಿ ಕಂಡದ್ದೇ. ಸಮತಟ್ಟು ಜಾಗದಲ್ಲಿ, ದರೆಯಿಂದ ತುಂಬಾ ಹಿಂದೆ ಮಾಡಿ. ದರೆ ಬಿರುಕು ಬಿಟ್ಟಿದ್ದರೆ ಗುಂಡಿ ಬೇಡ, ಅಲ್ಲಿಗೆ ನೀರು ಹೋಗದ ಹಾಗೆ ತಿರುಗಿಸಿ.

ಕುಂಬಳೆಯಿಂದ, ಹಿಂದೆ ವಾರ್ಡ್ ಮೆಂಬರ್ ಆಗಿದ್ದವರು:
ಕಾಗದದ ಕೆಲಸ ನಾನು ಹೇಳುತ್ತೇನೆ. ವಿಲೇಜ್ ಆಫೀಸಿನಲ್ಲಿ ಸರ್ವೆ ನಕ್ಷೆ ನೋಡಿ. ತೋಡು ಪುರಂಬೋಕು (ಸರಕಾರಿ ಜಾಗ) ಅಂತ ಇದ್ದು, ಸ್ಥಳದಲ್ಲಿ ಕಾಂಪೌಂಡು ಗೋಡೆ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಂತೆ ಇಂಥ ತೋಡುಗಳು ಪಂಚಾಯತಿನ ವಶದಲ್ಲಿರುವಂಥವು. ಕೆಳಗೆ ಯಾರಾದರೂ ಗದ್ದೆಗೆ ಮಣ್ಣು ತುಂಬಿಸುತ್ತಿದ್ದರೆ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಉಂಟು. ಆ ಗದ್ದೆ ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯ ಗದ್ದೆ-ಜೌಗುಭೂಮಿ ಪಟ್ಟಿಯಲ್ಲಿ, ಇದೆಯಾ ಅಂತ ಕೃಷಿ ಭವನದಲ್ಲಿ ವಿಚಾರಿಸಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಮಳೆ ಬರುವಾಗಲೇ ತೆಗೆದ ಫೋಟೋ, ತಾರೀಕಿನ ಸಮೇತ ಅಂಟಿಸಿ. ಬೇಸಗೆಯಲ್ಲಿ ತೋರಿಸಿದರೆ ಯಾರೂ ನಂಬುವುದಿಲ್ಲ. ಅಪಾಯ ಕಣ್ಣೆದುರು ಇದ್ದರೆ ಪಂಚಾಯತಿಗೆ ಕಾಯಬೇಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಕಲೆಕ್ಟರ್, ಅವರಿಗೇ ಕೊಡಿ. ರಾತ್ರಿ ದರೆ ಕುಸಿದರೆ 1077ಕ್ಕೆ ಫೋನ್ ಮಾಡಿ.

ಬದಿಯಡ್ಕದಿಂದ, ಪ್ರಶ್ನೆ ಕೇಳಿದವರು:
ಪೈಪಿನ ಆರ್ಡರ್ ಸದ್ಯಕ್ಕೆ ನಿಲ್ಲಿಸಿದ್ದೇವೆ. ಬಾಕ್ಸ್ ಮೋರಿ ಆದರೆ ಎಷ್ಟು ಅಗಲ ಬೇಕು ಅಣ್ಣ?

ನಿವೃತ್ತ ಓವರ್‌ಸಿಯರ್:
ಮೊದಲು ಕೆಳಗಿನ ತೋಡಿನ ಅಗಲ, ಆಳ ಅಳೆದು ಬನ್ನಿ. ತೀರಾ ಕಿರಿದಾದ ಜಾಗದಲ್ಲೇ ಅಳೆಯಿರಿ. ಆಮೇಲೆ ಹೇಳುತ್ತೇನೆ.